ಟೂಲ್‌ಬಾರ್ ಇಲ್ಲದ ವಿಂಡೋ ಹೊಸ ಬ್ರೌಸರ್‌ಗಳಲ್ಲಿ ತೆರೆಯುತ್ತಿಲ್ಲ: ಹಳೆಯ ತೂಕದ ಚೀಟಿ ತಂತ್ರಾಂಶದ ಸಮಸ್ಯೆ

ಪ್ರಶ್ನೆ ಕೇಳಿದವರು: ಅಡಿಕೆತೋಟ

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ ಬಳಕೆಯಲ್ಲಿರುವ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ ಕಳೆದ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಅದನ್ನು ಬರೆದವರು ಈಗ ಸಂಪರ್ಕದಲ್ಲಿಲ್ಲ. ಕೋಡಿನೊಳಗಿನ ಟಿಪ್ಪಣಿಗಳನ್ನು ನೋಡಿದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ ಬರೆದದ್ದೆಂದು ತಿಳಿಯುತ್ತದೆ. ರೈತರು ಮೂಟೆ ತಂದು ಇಳಿಸಿದಾಗ ತೂಕ, ಅಡಿಕೆಯ ಬಗೆ (ರಾಶಿಯೋ, ಬೆಟ್ಟೆಯೋ, ಚಾಲಿಯೋ) ಮತ್ತು ಲಾಟ್ ಸಂಖ್ಯೆಯನ್ನು ದಾಖಲಿಸಿ ಚೀಟಿ ಮುದ್ರಿಸಿ ಕೊಡುವುದು ಅದರ ಮುಖ್ಯ ಕೆಲಸ. ಇತ್ತೀಚೆಗೆ ಕೌಂಟರಿನ ಹಳೆಯ ಕಂಪ್ಯೂಟರ್‌ಗಳನ್ನು ಬದಲಿಸಿ, ಕೆಲವಕ್ಕೆ ಕ್ರೋಮ್, ಕೆಲವಕ್ಕೆ ಫೈರ್‌ಫಾಕ್ಸ್ ಹಾಕಿದೆವು. ತೊಂದರೆಗಳು ಅಂದೇ ಶುರುವಾದವು.

ಮೊದಲನೆಯದು ಮುಖ್ಯ ವಿಂಡೋ. ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಸರಿಹೊಂದಿದೊಡನೆ ವಿಂಡೋ.ಓಪನ್ ಮೂಲಕ ಹೊಸ ವಿಂಡೋ ತೆರೆಯುತ್ತದೆ. ಅದರ ಮೂರನೆಯ ಆರ್ಗ್ಯುಮೆಂಟ್‌ನಲ್ಲಿ (ಆವರಣದೊಳಗೆ ಕೊಡುವ ಮೂರನೆಯ ಬೆಲೆಯಲ್ಲಿ) ಟೂಲ್‌ಬಾರ್, ಲೊಕೇಶನ್ (ವಿಳಾಸಪಟ್ಟಿ), ಮೆನುಬಾರ್, ಸ್ಟೇಟಸ್ ಎಲ್ಲಕ್ಕೂ ‘ನೋ’ ಎಂದು ಕೊಟ್ಟಿದ್ದಾರೆ. ಆಮೇಲೆ ಮೂವ್‌ಟು, ರಿಸೈಜ್‌ಟು ಬಳಸಿ ಪರದೆ ತುಂಬುವಷ್ಟು ಹಿಗ್ಗಿಸಿ, ಲಾಗಿನ್ ವಿಂಡೋವನ್ನು ವಿಂಡೋ.ಕ್ಲೋಸ್ ಕರೆದು ಮುಚ್ಚಿಸುತ್ತಾರೆ. ಈಗ ಹೊಸ ವಿಂಡೋದಲ್ಲಿ ವಿಳಾಸ ಕಾಣಿಸಿಕೊಳ್ಳುತ್ತದೆ, ಲಾಗಿನ್ ಟ್ಯಾಬ್ ಮುಚ್ಚದೆ ಹಾಗೆಯೇ ಉಳಿಯುತ್ತದೆ.

ಎರಡನೆಯದು ತೂಕದ ಚೀಟಿ. ‘ಉಳಿಸಿ’ ಗುಂಡಿ ಒತ್ತಿದಾಗ ಮಾಹಿತಿ ಸರ್ವರ್‌ಗೆ ಹೋಗಿ, ಚೀಟಿಯ ಸಂಖ್ಯೆ ಮರಳಿ ಬಂದ ಬಳಿಕ ಚಿಕ್ಕ ವಿಂಡೋ ತೆರೆದು ಮುದ್ರಣವಾಗಬೇಕು. ಇದರ ವರ್ತನೆ ನನಗೆ ಅರ್ಥವೇ ಆಗುತ್ತಿಲ್ಲ. ಬೆಳಿಗ್ಗೆ ಸರಿಯಾಗಿ ತೆರೆಯುವ ವಿಂಡೋ ಮಧ್ಯಾಹ್ನದ ಜನಸಂದಣಿಯಲ್ಲಿ ಪಾಪ್‌ಅಪ್ ತಡೆಯಲಾಗಿದೆ ಎಂಬ ಸೂಚನೆಯೊಂದಿಗೆ ನಿಂತುಬಿಡುತ್ತದೆ. ಕೋಡು ಅದೇ, ಕಂಪ್ಯೂಟರೂ ಅದೇ.

ಮೂರನೆಯದಾಗಿ, ಸದಸ್ಯರ ಹೆಸರು ಹುಡುಕುವ ವಿಂಡೋವನ್ನು ಶೋಮೋಡಲ್‌ಡೈಲಾಗ್ ಎಂಬ ಫಂಕ್ಷನ್‌ನಿಂದ ತೆರೆಯುತ್ತಿದ್ದರು. ಹಾಗೊಂದು ಫಂಕ್ಷನ್ ಇಲ್ಲವೆಂದೇ ಬ್ರೌಸರ್‌ನ ಕನ್ಸೋಲ್ (ದೋಷಗಳನ್ನು ತೋರಿಸುವ ಫಲಕ) ಹೇಳುತ್ತಿದೆ.

ಟೂಲ್‌ಬಾರ್ ಮರೆಮಾಡುವ ಹಟ ಏಕೆಂದು ನೀವು ಕೇಳಬಹುದು. ಕೌಂಟರಿನ ಸಿಬ್ಬಂದಿ ಅಭ್ಯಾಸಬಲದಿಂದ ‘ಹಿಂದಕ್ಕೆ’ ಬಾಣವನ್ನೋ ರಿಫ್ರೆಶ್ ಗುಂಡಿಯನ್ನೋ ಒತ್ತಿದರೆ ಅದೇ ಮೂಟೆ ಎರಡು ಸಲ ದಾಖಲಾಗುತ್ತದೆ. ಲೆಕ್ಕ ತಾಳೆಯಾಗದೆ ಸಂಜೆ ಎಂಟರವರೆಗೆ ಕುಳಿತ ದಿನಗಳಿವೆ. ಜಾವಾಸ್ಕ್ರಿಪ್ಟ್‌ನಿಂದಲೇ ಈ ಪಟ್ಟಿಗಳನ್ನು ಮರೆಮಾಡುವ ಹೊಸ ವಿಧಾನ ಯಾವುದಾದರೂ ಇದೆಯೇ? ಟೂಲ್‌ಬಾರ್.ವಿಸಿಬಲ್ ಎಂಬ ಗುಣವೊಂದನ್ನು ಎಲ್ಲೋ ಓದಿದೆ. ಅದಕ್ಕೆ ‘ಫಾಲ್ಸ್’ ಕೊಟ್ಟು ನೋಡಿದೆ, ಏನೂ ಆಗಲಿಲ್ಲ, ದೋಷವನ್ನೂ ತೋರಿಸಲಿಲ್ಲ.

ಉತ್ತರ 1: ಹಳೇ ನ್ಯಾವಿಗೇಟರ್

ಅಡಿಕೆತೋಟ ಅವರೇ, ಪ್ರಶ್ನೆಯನ್ನು ಇಷ್ಟು ವಿವರವಾಗಿ ಇಟ್ಟಿರುವುದಕ್ಕೆ ವಂದನೆಗಳು. ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ತಿಳಿಯಾಗುತ್ತದೆ.

ಟೂಲ್‌ಬಾರ್.ವಿಸಿಬಲ್ ನೀವು ಭಾವಿಸಿದಂತೆ ಹೊಸದಲ್ಲ, ಬಹಳ ಹಳೆಯದು. 1997ರ ನೆಟ್‌ಸ್ಕೇಪ್ ಕಮ್ಯುನಿಕೇಟರ್ 4ರಲ್ಲಿ ಜಾವಾಸ್ಕ್ರಿಪ್ಟ್ 1.2 ಜೊತೆಗೆ ಲೊಕೇಶನ್‌ಬಾರ್, ಮೆನುಬಾರ್, ಪರ್ಸನಲ್‌ಬಾರ್, ಸ್ಕ್ರೋಲ್‌ಬಾರ್ಸ್, ಸ್ಟೇಟಸ್‌ಬಾರ್, ಟೂಲ್‌ಬಾರ್ ಎಂಬ ಆರು ವಸ್ತುಗಳು ಬಂದವು. ಅಂದು ಅವುಗಳ ವಿಸಿಬಲ್ ಗುಣವನ್ನು ಬದಲಿಸಿ ಪಟ್ಟಿಯನ್ನು ತೋರಿಸಬಹುದಿತ್ತು, ಅಡಗಿಸಬಹುದಿತ್ತು. ಆದರೆ ಅಂದೂ ಅದು ಯಾವ ಪುಟಕ್ಕೆ ಬೇಕಾದರೂ ಸಿಗುವ ಅಧಿಕಾರವಾಗಿರಲಿಲ್ಲ. ಸ್ಕ್ರಿಪ್ಟಿಗೆ ಡಿಜಿಟಲ್ ಸಹಿ ಇರಬೇಕಿತ್ತು, ಬ್ರೌಸರ್‌ನ ರೂಪ ಬದಲಿಸುವ ವಿಶೇಷ ಅನುಮತಿಯನ್ನು ಬಳಕೆದಾರರಿಂದ ಕೇಳಿ ಪಡೆಯಬೇಕಿತ್ತು. ನೂರು ಪಿಕ್ಸೆಲ್‌ಗಿಂತ ಚಿಕ್ಕ ವಿಂಡೋ ತೆರೆಯಲಿಕ್ಕೂ ಅದೇ ಅನುಮತಿ ಬೇಕಿತ್ತು. ಅಂದರೆ ಬ್ರೌಸರ್‌ನ ಚೌಕಟ್ಟು ಪುಟದ ಸ್ವತ್ತಲ್ಲ ಎಂಬ ವಿಚಾರ ಮೊದಲಿನಿಂದಲೂ ಇತ್ತು. ವಿಂಡೋ.ಓಪನ್ ಮಾತ್ರ ಆ ಬೇಲಿಯಲ್ಲಿ ಉಳಿದಿದ್ದ ದೊಡ್ಡ ಕಿಂಡಿಯಾಗಿತ್ತು, ಏಕೆಂದರೆ ಇರುವ ವಿಂಡೋವನ್ನು ಮುಟ್ಟದೆ, ಪಟ್ಟಿಗಳೇ ಇಲ್ಲದ ಹೊಸದೊಂದನ್ನು ತೆರೆಯಲು ಯಾವ ಅನುಮತಿಯೂ ಬೇಕಿರಲಿಲ್ಲ.

ಆ ಆರು ವಸ್ತುಗಳು ಇಂದಿನ ಎಚ್‌ಟಿಎಂಎಲ್ ಮಾನದಂಡದಲ್ಲೂ ಇವೆ, ಆದರೆ ಓದಲಿಕ್ಕೆ ಮಾತ್ರ. ಅಷ್ಟೇ ಅಲ್ಲ, ಆರೂ ಒಂದೇ ಉತ್ತರ ಕೊಡುತ್ತವೆ: ವಿಂಡೋ ಪಾಪ್‌ಅಪ್ ಆಗಿದ್ದರೆ ಎಲ್ಲವೂ ‘ಫಾಲ್ಸ್’, ಅಲ್ಲದಿದ್ದರೆ ಎಲ್ಲವೂ ‘ಟ್ರೂ’. ಬಳಕೆದಾರರು ತಮ್ಮ ಬ್ರೌಸರ್‌ನಲ್ಲಿ ಯಾವ ಪಟ್ಟಿಯನ್ನು ನಿಜವಾಗಿ ಇಟ್ಟುಕೊಂಡಿದ್ದಾರೆ ಎಂಬುದು ಪುಟಕ್ಕೆ ತಿಳಿಯಬೇಕಾಗಿಲ್ಲ ಎಂಬುದೇ ಇದರ ಉದ್ದೇಶ. ನೀವು ‘ಫಾಲ್ಸ್’ ಕೊಟ್ಟಾಗ ದೋಷ ತೋರದೆ ಸುಮ್ಮನಿದ್ದದ್ದಕ್ಕೂ ಅದೇ ಕಾರಣ. ಓದಲಿಕ್ಕಷ್ಟೇ ಇರುವ ಗುಣಕ್ಕೆ ಬೆಲೆ ಕೊಟ್ಟರೆ, ಸ್ಟ್ರಿಕ್ಟ್ ಮೋಡ್ ಎಂಬ ಕಟ್ಟುನಿಟ್ಟಿನ ವಿಧಾನದಲ್ಲಿ ಅಲ್ಲದಿದ್ದರೆ, ಜಾವಾಸ್ಕ್ರಿಪ್ಟ್ ಅದನ್ನು ಮೌನವಾಗಿ ಕಡೆಗಣಿಸುತ್ತದೆ.

ಈಗ ವಿಂಡೋ.ಓಪನ್‌ನ ಮೂರನೆಯ ಆರ್ಗ್ಯುಮೆಂಟಿಗೆ ಬರೋಣ. ಒಂದು ಕಾಲದಲ್ಲಿ ಅದರೊಳಗಿನ ಪ್ರತಿಯೊಂದು ಹೆಸರೂ ಪ್ರತ್ಯೇಕ ಪಟ್ಟಿಯನ್ನು ಆಳುತ್ತಿತ್ತು. ಇಂದು ಬ್ರೌಸರ್ ಆ ಇಡೀ ಸಾಲನ್ನು ಓದಿ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತದೆ: ಇದು ಪಾಪ್‌ಅಪ್ ಬೇಕೆನ್ನುತ್ತಿದೆಯೋ, ಟ್ಯಾಬ್ ಬೇಕೆನ್ನುತ್ತಿದೆಯೋ? ‘ಪಾಪ್‌ಅಪ್’ ಎಂಬ ಹೆಸರೇ ಇದ್ದರೆ ಅದು ಹೇಳಿದಂತೆ. ಇಲ್ಲದಿದ್ದರೆ ಲೊಕೇಶನ್, ಟೂಲ್‌ಬಾರ್ ಎರಡೂ ಇಲ್ಲವಾದರೆ ಪಾಪ್‌ಅಪ್. ಮೆನುಬಾರ್ ಇಲ್ಲವಾದರೆ ಪಾಪ್‌ಅಪ್. ಹೀಗೆ ಒಂದೊಂದಾಗಿ ನೋಡುತ್ತ ಹೋಗುತ್ತದೆ. ಅಗಲ, ಎತ್ತರ ಎರಡನ್ನೇ ಕೊಟ್ಟರೂ ಪಾಪ್‌ಅಪ್ ಆಗುವುದು ಇದರಿಂದಲೇ, ಉಳಿದವು ‘ಇಲ್ಲ’ ಎಂದೇ ಲೆಕ್ಕ. ಪಾಪ್‌ಅಪ್ ಎಂದು ತೀರ್ಮಾನವಾದ ಮೇಲೆ ಟ್ಯಾಬ್ ಸಾಲು, ‘ಹಿಂದಕ್ಕೆ’ ಬಾಣ, ಬುಕ್‌ಮಾರ್ಕ್ ಪಟ್ಟಿ ಯಾವುದೂ ಇರುವುದಿಲ್ಲ, ಆದರೆ ವಿಳಾಸ ಇದ್ದೇ ಇರುತ್ತದೆ. ಅದನ್ನು ತೆಗೆಯುವ ದಾರಿ ಪುಟಕ್ಕಿಲ್ಲ.

ವಿಳಾಸದ ಮೇಲೇಕೆ ಇಷ್ಟು ಕಟ್ಟುನಿಟ್ಟು ಎಂದರೆ, ಅದನ್ನು ಅಡಗಿಸಬಲ್ಲ ಪುಟವು ಬ್ಯಾಂಕಿನ ಹೆಸರಿನ ನಕಲಿ ವಿಳಾಸಪಟ್ಟಿಯನ್ನು ಚಿತ್ರವಾಗಿ ಬಿಡಿಸಿ ತೋರಿಸಬಲ್ಲದು. ಆ ಮೋಸಗಳು ಹೆಚ್ಚಿದ ಮೇಲೆಯೇ 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಪಾಪ್‌ಅಪ್ ತಡೆ ಸೇರಿತು, ಪರದೆಯ ಆಚೆಗೆ ವಿಂಡೋ ಜರುಗಿಸುವುದು ನಿಂತಿತು, ಸ್ಟೇಟಸ್ ಬಾರ್ ಕಡ್ಡಾಯವಾಯಿತು. 2006ರ ಆವೃತ್ತಿ 7ರಲ್ಲಿ ವಿಳಾಸವೂ ಕಡ್ಡಾಯವಾಯಿತು. 2008ರ ಫೈರ್‌ಫಾಕ್ಸ್ 3 ಕೂಡ ಅದೇ ದಾರಿ ಹಿಡಿಯಿತು.

ಹಾಗಾದರೆ ನಿಮ್ಮ ಸಂಘದಲ್ಲಿ ಇಷ್ಟು ವರ್ಷ ಹೇಗೆ ನಡೆಯಿತು? ನನ್ನ ಊಹೆ ಇದು. ಆವೃತ್ತಿ 7ರ ನಿಯಮ ಅಂತರ್ಜಾಲ ವಲಯಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಸ್ಥಳೀಯ ಇಂಟ್ರಾನೆಟ್ ಮತ್ತು ವಿಶ್ವಾಸಾರ್ಹ ವಲಯಗಳ ತಾಣಗಳಿಗೆ ವಿಳಾಸವಿಲ್ಲದ ವಿಂಡೋ ತೆರೆಯುವ ವಿನಾಯಿತಿ ಇತ್ತು. ಕಚೇರಿಯೊಳಗಿನ ಸರ್ವರ್ ಆ ವಿನಾಯಿತಿಯ ನೆರಳಿನಲ್ಲಿ ಬದುಕಿಕೊಂಡಿತು. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ವಲಯಗಳೆಂಬ ಏರ್ಪಾಡೇ ಇಲ್ಲ.

ಮುಖ್ಯ ವಿಂಡೋದ ಬಗ್ಗೆ ಇನ್ನೆರಡು ಮಾತು. ಮೂವ್‌ಟು, ರಿಸೈಜ್‌ಟು ಈಗ ವಿಂಡೋ.ಓಪನ್‌ನಿಂದ ತೆರೆದ, ಒಂದೇ ಟ್ಯಾಬ್ ಇರುವ ವಿಂಡೋಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಫೈರ್‌ಫಾಕ್ಸ್‌ನಲ್ಲಿ ಈ ನಿಯಮ 2011ರ ಆವೃತ್ತಿ 7ರಿಂದ ಇದೆ. ವಿಂಡೋ.ಕ್ಲೋಸ್‌ಗೂ ಅಂಥದ್ದೇ ಕಟ್ಟಳೆ: ಸ್ಕ್ರಿಪ್ಟ್ ತೆರೆದದ್ದನ್ನು ಸ್ಕ್ರಿಪ್ಟ್ ಮುಚ್ಚಬಹುದು, ಇತಿಹಾಸದಲ್ಲಿ ಒಂದೇ ಪುಟವಿರುವ ವಿಂಡೋವನ್ನೂ ಮುಚ್ಚಬಹುದು, ಬಳಕೆದಾರರು ತಾವೇ ತೆರೆದು ಓಡಾಡಿದ ಟ್ಯಾಬನ್ನು ಮುಚ್ಚುವಂತಿಲ್ಲ. ಮೊದಲು ತನ್ನನ್ನೇ ಮರಳಿ ತೆರೆದಂತೆ ನಟಿಸಿ ಆಮೇಲೆ ಮುಚ್ಚುವ ಉಪಾಯವೊಂದು ಹಳೆಯ ಬ್ಲಾಗುಗಳಲ್ಲಿ ಸಿಗುತ್ತದೆ; ಅದನ್ನು ನಂಬಿ ಸಮಯ ಕಳೆಯಬೇಡಿ. ಲಾಗಿನ್ ಆದ ಮೇಲೆ ಹೊಸ ವಿಂಡೋ ತೆರೆಯುವುದನ್ನೇ ಬಿಟ್ಟು, ಅದೇ ಟ್ಯಾಬಿನಲ್ಲಿ ಲೊಕೇಶನ್.ರಿಪ್ಲೇಸ್ ಬಳಸಿ ಮುಖ್ಯ ಪುಟಕ್ಕೆ ಹೋಗಿ. ಇತಿಹಾಸದಲ್ಲಿ ಲಾಗಿನ್ ಪುಟದ ಜಾಗವನ್ನು ಮುಖ್ಯ ಪುಟವೇ ತೆಗೆದುಕೊಳ್ಳುವುದರಿಂದ ‘ಹಿಂದಕ್ಕೆ’ ಒತ್ತಿದರೂ ಲಾಗಿನ್‌ಗೆ ಮರಳುವುದಿಲ್ಲ, ಮುಚ್ಚಬೇಕಾದ ಎರಡನೆಯ ವಿಂಡೋ ಕೂಡ ಇರುವುದಿಲ್ಲ.

ವಿಷಯಾಂತರವಾದರೂ ಒಂದು ಮಾತು ಹೇಳಿಬಿಡುತ್ತೇನೆ. ಪಾಪ್‌ಅಪ್ ಜಾಹೀರಾತಿನ ಮೊದಲ ಕೋಡನ್ನು 1990ರ ದಶಕದಲ್ಲಿ ಟ್ರೈಪಾಡ್ ತಾಣಕ್ಕಾಗಿ ಬರೆದ ಈಥನ್ ಜುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಬಳಕೆದಾರರು ರಚಿಸಿದ ಪುಟಗಳ ವಿಷಯಕ್ಕೂ ಜಾಹೀರಾತುದಾರರಿಗೂ ಸಂಬಂಧವಿಲ್ಲವೆಂದು ತೋರಲು ಜಾಹೀರಾತನ್ನು ಬೇರೆ ವಿಂಡೋದಲ್ಲಿ ಇಟ್ಟರಂತೆ. ನಿಮ್ಮ ತೂಕದ ಚೀಟಿ ಇಂದು ತಡೆಗೆ ಸಿಕ್ಕಿಕೊಳ್ಳುತ್ತಿರುವುದು ಆ ಪೀಳಿಗೆಯ ಕೋಡಿನ ಋಣದಿಂದ.

ಉತ್ತರ 2: ಕೀಲಿಮಣೆ

ಮುಖ್ಯ ವಿಂಡೋದ ವಿಷಯವನ್ನು ಮೇಲಿನವರು ವಿವರಿಸಿದ್ದಾರೆ. ಬೆಳಿಗ್ಗೆ ತೆರೆದು ಮಧ್ಯಾಹ್ನ ನಿಲ್ಲುವ ಚೀಟಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇದೇ ತೊಡಕಿನಲ್ಲಿ ನಾನೂ ಎರಡು ವಾರ ಕಳೆದಿದ್ದೇನೆ.

ಬಳಕೆದಾರರು ಕ್ಲಿಕ್ ಮಾಡಿದಾಗ ಅಥವಾ ಕೀಲಿ ಒತ್ತಿದಾಗ ಬ್ರೌಸರ್ ಆ ಪುಟಕ್ಕೆ ಅಲ್ಪಾವಧಿಯ ಪರವಾನಗಿಯೊಂದನ್ನು ಕೊಡುತ್ತದೆ ಎಂದು ತಿಳಿಯಿರಿ. ಪಾಪ್‌ಅಪ್ ತೆರೆಯಲು, ಪೂರ್ಣಪರದೆಗೆ ಹೋಗಲು ಆ ಪರವಾನಗಿ ಬೇಕು. ಮಾನದಂಡ ಅದರ ಅವಧಿಯನ್ನು ಕೆಲವೇ ಸೆಕೆಂಡುಗಳಿಗೆ ಮಿತಿಗೊಳಿಸಿದೆ. ಕ್ರೋಮ್‌ನಲ್ಲಿ ಅದು 5 ಸೆಕೆಂಡು, ಸಫಾರಿಯಲ್ಲಿ ಇನ್ನೂ ಕಡಿಮೆ. ನಿಮ್ಮ ಕೋಡು ಮೊದಲು ಸರ್ವರ್‌ಗೆ ಹೋಗಿ, ಚೀಟಿ ಸಂಖ್ಯೆ ಬಂದ ಮೇಲೆ ವಿಂಡೋ.ಓಪನ್ ಕರೆಯುತ್ತದೆ. ಬೆಳಿಗ್ಗೆ ಸರ್ವರ್ ಒಂದು ಸೆಕೆಂಡಿನಲ್ಲಿ ಉತ್ತರಿಸಿದರೆ ಪರವಾನಗಿ ಇನ್ನೂ ಜೀವಂತವಾಗಿರುತ್ತದೆ. ಮಧ್ಯಾಹ್ನ ನಾಲ್ಕೂ ಕೌಂಟರುಗಳು ಒಟ್ಟಿಗೆ ದಾಖಲಿಸುವಾಗ ಉತ್ತರ ಆರು ಸೆಕೆಂಡಿಗೆ ಬಂದರೆ ಪರವಾನಗಿ ಅಷ್ಟರಲ್ಲಿ ಮುಗಿದಿರುತ್ತದೆ, ಬ್ರೌಸರ್‌ನ ಕಣ್ಣಿಗೆ ನಿಮ್ಮ ಚೀಟಿ ಯಾರೂ ಕೇಳದೆ ಬಂದ ಜಾಹೀರಾತಿನಂತೆ ಕಾಣುತ್ತದೆ. ನಿಮ್ಮ ಸರ್ವರ್‌ನ ಲಾಗ್‌ನಲ್ಲಿ ಆ ಹೊತ್ತಿನ ಉತ್ತರದ ಸಮಯ ನೋಡಿದರೆ ಇದು ಖಚಿತವಾಗುತ್ತದೆ.

ಪರಿಹಾರಕ್ಕೆ ಕ್ರಮವನ್ನು ತಿರುವು ಮುರುವು ಮಾಡಬೇಕು. ಕ್ಲಿಕ್ ಆದ ತಕ್ಷಣ, ಸರ್ವರ್ ಕಡೆ ನೋಡುವ ಮೊದಲೇ, ಅಬೌಟ್:ಬ್ಲ್ಯಾಂಕ್ ಎಂಬ ಖಾಲಿ ಪುಟದೊಂದಿಗೆ ಚಿಕ್ಕ ವಿಂಡೋ ತೆರೆದು, ಅದರ ಉಲ್ಲೇಖವನ್ನು ಒಂದು ಚರದಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ‘ಚೀಟಿ ಸಿದ್ಧವಾಗುತ್ತಿದೆ’ ಎಂಬ ಸಾಲೊಂದನ್ನು ಬರೆಯಿರಿ. ಸರ್ವರ್‌ನಿಂದ ಸಂಖ್ಯೆ ಬಂದಾಗ ಅದೇ ವಿಂಡೋದ ಲೊಕೇಶನ್ ಬದಲಿಸಿ. ದಾಖಲೆ ವಿಫಲವಾದರೆ ವಿಂಡೋವನ್ನು ಮುಚ್ಚಿಬಿಡಿ. ಅದನ್ನು ತೆರೆದದ್ದು ನಿಮ್ಮ ಸ್ಕ್ರಿಪ್ಟೇ ಆದ್ದರಿಂದ ಮುಚ್ಚಲು ಅಡ್ಡಿಯಿಲ್ಲ. ಎರಡು ಎಚ್ಚರಿಕೆಗಳು. ವಿಂಡೋ.ಓಪನ್ ಮರಳಿಸಿದ್ದು ‘ನಲ್’ (ಏನೂ ಇಲ್ಲ ಎಂಬ ಬೆಲೆ) ಅಲ್ಲವೇ ಎಂದು ಯಾವಾಗಲೂ ಪರೀಕ್ಷಿಸಿ, ತಡೆಯಾದಾಗ ಅದೇ ಬರುವುದು. ಮತ್ತು ಮೂರನೆಯ ಆರ್ಗ್ಯುಮೆಂಟ್‌ನಲ್ಲಿ ‘ನೋಓಪನರ್’ ಸೇರಿಸಬೇಡಿ. ಅದಿದ್ದರೆ ವಿಂಡೋ ತೆರೆದರೂ ‘ನಲ್’ ಬರುತ್ತದೆ, ಆಮೇಲೆ ಆ ವಿಂಡೋವನ್ನು ಮುಟ್ಟಲು ನಿಮಗೆ ಹಿಡಿಕೆಯೇ ಇರುವುದಿಲ್ಲ. ಹೊರಗಿನ ತಾಣಗಳ ಕೊಂಡಿಗೆ ಅದು ಒಳ್ಳೆಯ ಅಭ್ಯಾಸ, ನಿಮ್ಮದೇ ಚೀಟಿಗೆ ಅಲ್ಲ.

ಎರಡನೆಯ ಆರ್ಗ್ಯುಮೆಂಟ್‌ಗೆ ‘ಚೀಟಿ’ ಎಂಬಂಥ ಸ್ಥಿರ ಹೆಸರು ಕೊಟ್ಟರೆ ಪ್ರತಿ ರೈತರಿಗೂ ಹೊಸ ವಿಂಡೋ ರಾಶಿ ಬೀಳದೆ ಅದೇ ವಿಂಡೋ ಮರುಬಳಕೆಯಾಗುತ್ತದೆ. ಹಾಗೆ ಮರುಬಳಕೆಯಾದಾಗ ಅಗಲ ಎತ್ತರದ ಸೂಚನೆಗಳನ್ನು ಬ್ರೌಸರ್ ಕಡೆಗಣಿಸುತ್ತದೆ ಎಂಬುದು ನೆನಪಿರಲಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯವೆಂದರೆ ಚೀಟಿಗೆ ವಿಂಡೋವೇ ಬೇಡ. ಮುಖ್ಯ ಪುಟದೊಳಗೆ ಕಣ್ಣಿಗೆ ಕಾಣದ ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟವನ್ನು ಇಡುವ ಚೌಕಟ್ಟು) ಒಂದನ್ನಿಟ್ಟು, ಚೀಟಿಯನ್ನು ಅದರಲ್ಲಿ ತುಂಬಿ, ಆ ಐಫ್ರೇಮಿನ ಪ್ರಿಂಟ್ ಕರೆದರೆ ಪಾಪ್‌ಅಪ್‌ನ ಗೊಡವೆಯೇ ಇರುವುದಿಲ್ಲ.

ಅಡಿಕೆತೋಟ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲಾಗ್ ತೆಗೆದು ನೋಡಿದೆ. ಚೀಟಿ ನಿಂತ ಪ್ರತಿಯೊಂದು ಸಲವೂ ಉತ್ತರ ಬರಲು 5 ಸೆಕೆಂಡಿಗಿಂತ ಹೆಚ್ಚು ಹಿಡಿದಿದೆ. ಇಷ್ಟು ದಿನ ನಾನು ಕಂಪ್ಯೂಟರಿನ ವೈರಸ್ ಎಂದು ಹುಡುಕುತ್ತಿದ್ದೆ.

ಖಾಲಿ ವಿಂಡೋವನ್ನು ಮೊದಲೇ ತೆರೆಯುವ ವಿಧಾನ ಹಾಕಿದೆ, ಒಂದು ಚೀಟಿ ಸರಿಯಾಗಿ ಬರುತ್ತದೆ. ಆದರೆ ನಮ್ಮಲ್ಲಿ ರೈತರ ಪ್ರತಿ, ಕಚೇರಿಯ ಪ್ರತಿ ಎಂದು ಎರಡು ವಿಂಡೋಗಳು ಒಟ್ಟಿಗೆ ತೆರೆಯುತ್ತಿದ್ದವು. ಎರಡನೆಯದು ಈಗಲೂ ತಡೆಯಾಗುತ್ತಿದೆ, ಸರ್ವರ್ ಎಷ್ಟೇ ಬೇಗ ಉತ್ತರಿಸಿದರೂ. ಐಫ್ರೇಮ್ ವಿಧಾನಕ್ಕೆ ಹೋದರೆ ಚೀಟಿಯ ಮೇಲೂ ಕೆಳಗೂ ಬರುವ ದಿನಾಂಕ ಮತ್ತು ವಿಳಾಸದ ಸಾಲನ್ನು ತೆಗೆಯಲು ಆಗುತ್ತದೆಯೇ?

ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿದೆ. ‘ಹಿಂದಕ್ಕೆ’ ಬಾಣ ಕಣ್ಣೆದುರಿಗೆ ಇರುವವರೆಗೆ ಯಾರಾದರೂ ಒತ್ತಿಯೇ ಒತ್ತುತ್ತಾರೆ.

ಉತ್ತರ 3: ಕೀಲಿಮಣೆ

ಎರಡನೆಯದು ತಡೆಯಾಗಲು ಕಾರಣ, ವಿಂಡೋ.ಓಪನ್ ಆ ಪರವಾನಗಿಯನ್ನು ಬಳಸಿ ಮುಗಿಸಿಬಿಡುತ್ತದೆ. ಒಂದು ಕ್ಲಿಕ್ಕಿಗೆ ಒಂದೇ ವಿಂಡೋ. ಎರಡೂ ಪ್ರತಿಗಳನ್ನು ಒಂದೇ ಪುಟದಲ್ಲಿ ಒಂದರ ಕೆಳಗೊಂದು ಇಟ್ಟು, ಮೊದಲನೆಯದರ ನಂತರ ಬ್ರೇಕ್-ಆಫ್ಟರ್: ಪೇಜ್ ಎಂಬ ಸಿಎಸ್‌ಎಸ್ ನಿಯಮ ಹಾಕಿ, ಮುದ್ರಕ ಎರಡು ಹಾಳೆಗಳಾಗಿ ಕೊಡುತ್ತದೆ.

ದಿನಾಂಕ ಮತ್ತು ವಿಳಾಸದ ಸಾಲನ್ನು ಜಾವಾಸ್ಕ್ರಿಪ್ಟ್ ಮುಟ್ಟಲಾರದು, ಅದು ಮುದ್ರಣ ಸಂವಾದದ ಆಯ್ಕೆ. ಆದರೆ @ಪೇಜ್ ನಿಯಮದಲ್ಲಿ ಮಾರ್ಜಿನ್ ಸೊನ್ನೆ ಮಾಡಿದರೆ ಕ್ರೋಮ್‌ಗೆ ಆ ಸಾಲುಗಳನ್ನು ಅಚ್ಚು ಹಾಕಲು ಜಾಗವೇ ಉಳಿಯುವುದಿಲ್ಲ. ಅಂಚಿನ ಖಾಲಿ ಜಾಗವನ್ನು ಚೀಟಿಯ ಒಳಗೆ ಪ್ಯಾಡಿಂಗ್ ಆಗಿ ಕೊಟ್ಟುಕೊಳ್ಳಿ. ಮುದ್ರಣ ಸಂವಾದವೇ ಬರಬಾರದೆಂದರೆ, ಕ್ರೋಮ್‌ನ ಶಾರ್ಟ್‌ಕಟ್‌ನಲ್ಲಿ --ಕಿಯೋಸ್ಕ್-ಪ್ರಿಂಟಿಂಗ್ ಎಂಬ ಸೂಚನೆ ಸೇರಿಸಿ ತೆರೆದರೆ ಪೂರ್ವನಿಯೋಜಿತ ಮುದ್ರಕಕ್ಕೆ ನೇರವಾಗಿ ಹೋಗುತ್ತದೆ. ಈ ಸೂಚನೆಗಳು ಹಿಡಿಯಬೇಕಾದರೆ ಅದಕ್ಕೆ ಮೊದಲು ತೆರೆದಿದ್ದ ಕ್ರೋಮ್ ಪೂರ್ತಿ ಮುಚ್ಚಿರಬೇಕು.

ಹಾಗೆ ನೋಡಿದರೆ ನಿಮ್ಮ ‘ಹಿಂದಕ್ಕೆ’ ಬಾಣಕ್ಕೂ ಶಾರ್ಟ್‌ಕಟ್ಟೇ ಉತ್ತರ. --ಕಿಯೋಸ್ಕ್ ಸೂಚನೆಯೊಂದಿಗೆ ತೆರೆದರೆ ಇಡೀ ಪರದೆಯಲ್ಲಿ ಪುಟ ಬಿಟ್ಟು ಬೇರೇನೂ ಕಾಣುವುದಿಲ್ಲ. ಫೈರ್‌ಫಾಕ್ಸ್‌ಗೂ 2019ರ ಕೊನೆಯ ಆವೃತ್ತಿ 71ರಿಂದ ಅದೇ ಹೆಸರಿನ ಸೂಚನೆ ಇದೆ. ಜಾವಾಸ್ಕ್ರಿಪ್ಟ್‌ಗೆ ಇಲ್ಲದ ಅಧಿಕಾರ ಕಂಪ್ಯೂಟರನ್ನು ನೋಡಿಕೊಳ್ಳುವ ನಿಮಗೆ ಇದೆ.

ಉತ್ತರ 4: ಶರಾವತಿ ತೀರ

ಕೀಲಿಮಣೆಯವರು ಹೇಳಿದ್ದರಲ್ಲಿ ಬಹುಪಾಲಿಗೆ ನನ್ನ ಒಪ್ಪಿಗೆ ಇದೆ, ಆದರೆ ಕಿಯೋಸ್ಕ್ ಸಲಹೆಗೆ ಇಲ್ಲ. ಮಾಲ್‌ಗಳಲ್ಲಿ ಗ್ರಾಹಕರು ಮುಟ್ಟುವ ಪರದೆಗೆ ಕಿಯೋಸ್ಕ್ ತಕ್ಕದ್ದು. ಸಂಘದ ಕೌಂಟರಿನಲ್ಲಿ ಕುಳಿತವರು ಅದೇ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆಯುತ್ತಾರೆ, ನುಡಿಯಲ್ಲಿ ಪತ್ರ ಬೆರಳಚ್ಚು ಮಾಡುತ್ತಾರೆ, ಮೇಲ್ ನೋಡುತ್ತಾರೆ. ಅವರನ್ನು ಒಂದೇ ಪುಟದಲ್ಲಿ ಕೂಡಿಹಾಕಿದರೆ ಎರಡನೆಯ ದಿನ ಆಲ್ಟ್-ಎಫ್4 ಕಲಿತು ಹೊರಗೆ ಬರುತ್ತಾರೆ, ಮೂರನೆಯ ದಿನ ಮಾಮೂಲಿ ಕ್ರೋಮ್‌ನಲ್ಲೇ ತೆರೆಯುತ್ತಾರೆ. ಪೂರ್ಣಪರದೆಯ ಎಪಿಐ ಬಳಸಿದರೂ ಇದೇ ಕತೆ, ಎಸ್ಕೇಪ್ ಕೀಲಿ ಒತ್ತಿದರೆ ಹೊರಗೆ. ಅದನ್ನು ತಡೆಯಲು ಸಾಮಾನ್ಯ ಪುಟಕ್ಕೆ ಅವಕಾಶ ಕೊಟ್ಟಿಲ್ಲ, ಕೊಡಲೂ ಬಾರದು.

ಕ್ರೋಮ್‌ಗೆ --ಆ್ಯಪ್ ಎಂಬ ಸೂಚನೆಯ ಮುಂದೆ ನಿಮ್ಮ ತಂತ್ರಾಂಶದ ವಿಳಾಸ ಕೊಟ್ಟು ಡೆಸ್ಕ್‌ಟಾಪ್ ಶಾರ್ಟ್‌ಕಟ್ ಮಾಡಿ. ಟ್ಯಾಬ್ ಇಲ್ಲ, ಅಡ್ರೆಸ್ ಬಾರ್ ಇಲ್ಲ, ಆದರೆ ಉಳಿದ ತಂತ್ರಾಂಶಗಳಂತೆ ಕುಗ್ಗಿಸಬಹುದು, ಹಿಗ್ಗಿಸಬಹುದು, ಟಾಸ್ಕ್‌ಬಾರ್‌ನಲ್ಲಿ ತನ್ನದೇ ಜಾಗದಲ್ಲಿ ಕೂರುತ್ತದೆ. ನಿಮ್ಮ ಹಳೆಯ ಲೇಖಕರು ಬಯಸಿದ್ದ ವಿಂಡೋ ಬಹುಶಃ ಇದೇ. ಇದರ ಮುಂದುವರಿದ ರೂಪವೆಂದರೆ ತಾಣದ ವಿವರಗಳನ್ನು ಬ್ರೌಸರ್‌ಗೆ ತಿಳಿಸುವ ಮ್ಯಾನಿಫೆಸ್ಟ್ ಕಡತದಲ್ಲಿ ಡಿಸ್‌ಪ್ಲೇ: ಸ್ಟ್ಯಾಂಡಲೋನ್ ಎಂದು ಬರೆದು, ತಾಣವನ್ನು ಆ್ಯಪ್ ಆಗಿ ಅನುಸ್ಥಾಪಿಸಿಕೊಳ್ಳುವುದು. ಆದರೆ ಅದಕ್ಕೆ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಬೇಕು. ಕಚೇರಿಯೊಳಗಿನ ಸರ್ವರ್ 192.168ರಿಂದ ಶುರುವಾಗುವ ವಿಳಾಸದಲ್ಲಿ ಬರೀ ಎಚ್‌ಟಿಟಿಪಿಯಲ್ಲಿ ಓಡುತ್ತಿದ್ದರೆ ಬ್ರೌಸರ್ ಅದನ್ನು ಸುರಕ್ಷಿತವೆಂದು ಪರಿಗಣಿಸುವುದಿಲ್ಲ. ಪ್ರಮಾಣಪತ್ರದ ಏರ್ಪಾಡು ಆಗುವವರೆಗೆ ಶಾರ್ಟ್‌ಕಟ್ಟೇ ಸಾಕು.

ಆದರೂ ಅಡಿಕೆತೋಟ ಅವರೇ, ಬೇಸರವಿಲ್ಲದೆ ಕೇಳಿ: ಬಾಣವನ್ನು ಮರೆಮಾಡಿದ ಮಾತ್ರಕ್ಕೆ ಮೂಟೆ ಎರಡು ಸಲ ದಾಖಲಾಗುವುದು ನಿಲ್ಲುವುದಿಲ್ಲ. ಆಲ್ಟ್ ಜೊತೆ ಎಡಬಾಣ ಒತ್ತಿದರೂ ಹಿಂದಕ್ಕೆ ಹೋಗುತ್ತದೆ, ಕೆಲವು ಮೌಸ್‌ಗಳಲ್ಲಿ ಅದಕ್ಕೇ ಒಂದು ಗುಂಡಿ ಇದೆ. ಸರ್ವರ್ ನಿಧಾನವಾಗಿದ್ದಾಗ ‘ಉಳಿಸಿ’ಯನ್ನೇ ಎರಡು ಸಲ ಒತ್ತುವವರೂ ಇದ್ದಾರೆ, ಅದಕ್ಕೆ ಯಾವ ಟೂಲ್‌ಬಾರ್ ಕಾರಣ? ದೋಷ ಇರುವುದು ದಾಖಲೆಯನ್ನು ಸ್ವೀಕರಿಸುವ ಕಡೆ. ಫಾರ್ಮ್ ತೆರೆದಾಗ ಸರ್ವರ್ ಒಂದು ಗುಪ್ತ ಸಂಕೇತವನ್ನು ಅದರೊಳಗೆ ಇಡಲಿ, ದಾಖಲೆಯ ಜೊತೆ ಅದು ಮರಳಿ ಬರಲಿ, ಅದನ್ನು ಉಳಿಸುವ ಡೇಟಾಬೇಸ್ ಕಾಲಮ್‌ಗೆ ಯುನೀಕ್ ನಿರ್ಬಂಧ (ಒಂದೇ ಬೆಲೆ ಎರಡು ಸಲ ಬರದಂತೆ ತಡೆಯುವುದು) ಹಾಕಿ. ಅದೇ ಸಂಕೇತ ಎರಡನೆಯ ಸಲ ಬಂದರೆ ಹೊಸ ದಾಖಲೆ ಮಾಡದೆ ಮೊದಲಿನ ಚೀಟಿ ಸಂಖ್ಯೆಯನ್ನೇ ಮರಳಿಸಲಿ. ಇಡೀ ಪುಟವೇ ಸಲ್ಲಿಕೆಯಾಗುವ ಕಡೆಗಳಲ್ಲಿ, ದಾಖಲೆಯಾದ ಮೇಲೆ ಸರ್ವರ್ ಪುಟವನ್ನು ನೇರವಾಗಿ ಕಳುಹಿಸದೆ ಬೇರೆ ವಿಳಾಸಕ್ಕೆ 303 ಎಂಬ ಎಚ್‌ಟಿಟಿಪಿ ಉತ್ತರದೊಂದಿಗೆ ತಿರುಗಿಸಲಿ. ಆಗ ರಿಫ್ರೆಶ್ ಮಾಡಿದರೆ ಆ ಎರಡನೆಯ ಪುಟವಷ್ಟೇ ಮತ್ತೆ ಬರುತ್ತದೆ, ತೂಕ ಮತ್ತೊಮ್ಮೆ ಹೋಗುವುದಿಲ್ಲ. ಇಷ್ಟು ಮಾಡಿದ ಮೇಲೆ ಟೂಲ್‌ಬಾರ್ ಇದ್ದರೇನು, ಹೋದರೇನು ಎಂದು ನಿಮಗೇ ಅನ್ನಿಸಬಹುದು.

ಸದಸ್ಯರನ್ನು ಹುಡುಕುವ ವಿಂಡೋದ ಬಗ್ಗೆ ಯಾರೂ ಬರೆದಿಲ್ಲ. ಶೋಮೋಡಲ್‌ಡೈಲಾಗ್ ಕ್ರೋಮ್‌ನಿಂದ 2014ರ ಆವೃತ್ತಿ 37ರಲ್ಲಿ ಹೋಯಿತು, ಫೈರ್‌ಫಾಕ್ಸ್‌ನಿಂದ 2017ರ ಆವೃತ್ತಿ 56ರಲ್ಲಿ. ಕ್ರೋಮ್‌ನ ಅದೇ ಆವೃತ್ತಿ 37ರಲ್ಲಿ ಡೈಲಾಗ್ ಎಂಬ ಎಚ್‌ಟಿಎಂಎಲ್ ಎಲಿಮೆಂಟ್ ಬಂತು. 2022ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್, ಸಫಾರಿಗಳಿಗೂ ಬಂದದ್ದರಿಂದ ಈಗ ನಿಶ್ಚಿಂತೆಯಿಂದ ಬಳಸಬಹುದು. ಹುಡುಕುವ ಫಾರ್ಮನ್ನು ಅದರೊಳಗಿಟ್ಟು ಶೋಮೋಡಲ್ ಕರೆದರೆ ಹಿಂದಿನ ಪುಟ ಮುಟ್ಟಲಾಗದಂತೆ ಮಂಕಾಗುತ್ತದೆ. ಎಡವುವ ಜಾಗ ಒಂದೇ. ಹಳೆಯ ಫಂಕ್ಷನ್ ಕರೆದಾಗ, ವಿಂಡೋ ಮುಚ್ಚುವವರೆಗೆ ಕೋಡು ಆ ಸಾಲಿನಲ್ಲೇ ನಿಂತಿರುತ್ತಿತ್ತು, ಆಯ್ದ ಸದಸ್ಯರ ಸಂಖ್ಯೆ ಮರಳುಬೆಲೆಯಾಗಿ ಕೈಗೆ ಬರುತ್ತಿತ್ತು. ಡೈಲಾಗ್ ಹಾಗೆ ಕಾಯುವುದಿಲ್ಲ, ಮುಂದಿನ ಸಾಲು ಆ ಕ್ಷಣವೇ ಓಡುತ್ತದೆ. ಆದ್ದರಿಂದ ಮುಂದಿನ ಕೆಲಸವನ್ನೆಲ್ಲ ಅದರ ಕ್ಲೋಸ್ ಘಟನೆಗೆ ಒಪ್ಪಿಸಿ, ರಿಟರ್ನ್‌ವ್ಯಾಲ್ಯೂ ಅನ್ನು ಅಲ್ಲಿ ಓದಿ. ಎಸ್ಕೇಪ್ ಒತ್ತಿಯೂ ಅದು ಮುಚ್ಚಬಹುದು. ಆಗ ಹಿಂದಿನ ಆಯ್ಕೆಯ ಬೆಲೆಯೇ ಉಳಿದು ಬೇರೊಬ್ಬ ಸದಸ್ಯರ ಖಾತೆಗೆ ಅಡಿಕೆ ಹೋಗದಿರಲು, ಪ್ರತಿ ಸಲ ತೆರೆಯುವ ಮೊದಲು ರಿಟರ್ನ್‌ವ್ಯಾಲ್ಯೂವನ್ನು ಖಾಲಿ ಮಾಡಿ.

ಅಡಿಕೆತೋಟ

ಸಂಕೇತದ ಏರ್ಪಾಡು ಮತ್ತು ಯುನೀಕ್ ನಿರ್ಬಂಧ ಹಾಕಿ ಒಂದು ವಾರವಾಯಿತು. ಬೇಕೆಂದೇ ಹಿಂದಕ್ಕೆ ಹೋಗಿ ಹತ್ತಾರು ಸಲ ‘ಉಳಿಸಿ’ ಒತ್ತಿ ನೋಡಿದೆ, ಅದೇ ಚೀಟಿ ಸಂಖ್ಯೆ ಬರುತ್ತದೆ. ಚೀಟಿಯನ್ನು ಐಫ್ರೇಮಿಗೆ ಸಾಗಿಸಿದೆ, ಎರಡೂ ಪ್ರತಿಗಳು ಒಟ್ಟಿಗೆ ಮುದ್ರಣವಾಗುತ್ತಿವೆ. --ಆ್ಯಪ್ ಶಾರ್ಟ್‌ಕಟ್ ಎರಡು ಕೌಂಟರುಗಳಲ್ಲಿ ಹಾಕಿದ್ದೇನೆ. ಉಳಿದೆರಡು ಕೌಂಟರಿನವರು ಟ್ಯಾಬ್‌ಗಳೇ ಇರಲಿ ಎಂದರು, ಈಗ ನನಗೂ ಅಡ್ಡಿಯಿಲ್ಲ.

ಒಂದು ಸಣ್ಣ ಅನುಮಾನ ಉಳಿದಿದೆ. ದಿನದ ವರದಿಯನ್ನು ತೆರೆಯುವ ಕೋಡಿನಲ್ಲಿ 900 ಅಗಲ, 600 ಎತ್ತರ ಎಂದು ಕೊಟ್ಟಿದೆ. ಅದು ಎಲ್ಲ ಕಂಪ್ಯೂಟರುಗಳಲ್ಲೂ ಪಾಪ್‌ಅಪ್ ಆಗದೆ ಟ್ಯಾಬಿನಲ್ಲೇ ತೆರೆಯುತ್ತದೆ. ಅಗಲ, ಎತ್ತರ ಕೊಟ್ಟರೆ ಪಾಪ್‌ಅಪ್ ಆಗಬೇಕಲ್ಲವೇ?

ಉತ್ತರ 5: ಹಳೇ ನ್ಯಾವಿಗೇಟರ್

ಅದೇ ಸಾಲಿನಲ್ಲಿ ಟೂಲ್‌ಬಾರ್, ಮೆನುಬಾರ್, ಸ್ಟೇಟಸ್, ಸ್ಕ್ರೋಲ್‌ಬಾರ್ಸ್, ರಿಸೈಜಬಲ್ ಎಲ್ಲಕ್ಕೂ ‘ಯೆಸ್’ ಎಂದು ಇರಬೇಕು, ನೋಡಿ. ವರದಿಯನ್ನು ಉಳಿಸಲು, ಮುದ್ರಿಸಲು ಅನುಕೂಲವಾಗಲೆಂದು ಆ ಕಾಲದಲ್ಲಿ ಹಾಗೆ ಬರೆಯುವುದು ರೂಢಿಯಾಗಿತ್ತು. ಎಲ್ಲ ಪಟ್ಟಿಗಳೂ ಬೇಕೆಂದ ಮೇಲೆ ಅದು ಪಾಪ್‌ಅಪ್ ಅಲ್ಲ ಎಂದೇ ಬ್ರೌಸರ್ ತೀರ್ಮಾನಿಸುತ್ತದೆ, ಅಗಲ ಎತ್ತರಗಳು ಆ ತೀರ್ಮಾನದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪಾಪ್‌ಅಪ್ ಬೇಕಿದ್ದರೆ ಅಗಲ, ಎತ್ತರ ಎರಡನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿ, ಮುಂದೆ ನೋಡುವವರಿಗೆ ಉದ್ದೇಶ ತಿಳಿಯಲೆಂದು ‘ಪಾಪ್‌ಅಪ್’ ಎಂಬ ಪದವನ್ನೂ ಸೇರಿಸಿ. ದಿನದ ವರದಿಯಾದರೆ ಟ್ಯಾಬಿನಲ್ಲೇ ಇರಲಿ ಎಂಬುದು ನನ್ನ ಮತ, ಉದ್ದದ ಪಟ್ಟಿ ಓದಲು ಅದೇ ಸುಲಭ.